ಖಾಲಿ ಗಾಡಿಯ ತೂಕ

ಕಳೆದ ವಾರ ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಹೋಗಿದ್ದೆ. ಒಡೆದ ಗಾಜನ್ನು ತೋರಿಸುತ್ತಿರುವಾಗ ಪಕ್ಕದ ಹಲಗೆಯ ಕಡೆ ಕಣ್ಣು ಹೋಯಿತು. ಐದಾರು ಹಳೆಯ ಫೋನುಗಳನ್ನು ಸಾಲಾಗಿ ಚಾರ್ಜಿಗೆ ಹಾಕಿದ್ದರು. ಬಿಸಿಯಾದ ಪ್ಲಾಸ್ಟಿಕ್ಕಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. "ಆಮ್ಯಾಲೆ ಬರ್ತೀನ್ರಿ" ಎಂದು ಫೋನು ಕಿತ್ತುಕೊಂಡವಳಂತೆ ತೆಗೆದುಕೊಂಡು ಹೊರಗೆ ಬಂದೆ. ರೇಟು ಹೆಚ್ಚಾಯಿತೆಂದು ತಿಳಿದ ಅಂಗಡಿಯವನು "ಕಡಿಮಿ ಮಾಡ್ತೀನಿ ಬರ್ರಿ ಮೇಡಂ" ಎಂದು ಹಿಂದಿನಿಂದ ಕೂಗುತ್ತಲೇ ಇದ್ದ.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲ ಪೂರ್ತಿ ನಾನು ಆ ವಾಸನೆಯೊಳಗೇ ಕೂತು ಕೆಲಸ ಮಾಡಿದ್ದೆ. ನಮ್ಮ ಆಫೀಸು ಇದ್ದದ್ದು ಪಂಪ್‌ಸೆಟ್ಟಿನ ಸಾಮಾನು ಮಾರುವ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ. ಕೆಳಗಿನ ಅಂಗಡಿಯೂ ಮೇಲಿನ ಆಫೀಸೂ ಬಸವರಾಜ ಸರ್ ಅವರವೇ. ಕೆಳಗೆ ಗ್ರೀಸು, ರಬ್ಬರ್ ಪೈಪು, ಮೋಟಾರು, ಮೇಲೆ ಕಂಪ್ಯೂಟರು. ಕಡ್ಡಿರಾಂಪುರದ ಹೋಂಸ್ಟೇಗಳಿಗೆ, ಕಂಪ್ಲಿಯ ಅಕ್ಕಿ ಗಿರಣಿಗಳಿಗೆ ವೆಬ್‌ಸೈಟು ಮಾಡಿಕೊಡುವುದು ನಮ್ಮ ಕಸುಬು. ನಮ್ಮ ಆಫೀಸಿನ ಅತಿ ದೊಡ್ಡ ಸವಲತ್ತೆಂದರೆ ಕೆಳಗಿನ ಅಂಗಡಿಗೆ ಬರುವ ಚಹಾದಲ್ಲಿ ಮೇಲಕ್ಕೂ ಮೂರು ಲೋಟ ಹತ್ತುತ್ತಿದ್ದದ್ದು.

ಹೊಳೆಯ ಪುಟ ಮಾಡುವ ಯೋಚನೆ ಬಸವರಾಜ ಸರ್ ಅವರದ್ದು. ನಮ್ಮ ಕಡೆ ಹೊಳೆ ತುಂಬುವುದಕ್ಕೂ ಮಳೆಗೂ ಸಂಬಂಧವೇ ಇರುವುದಿಲ್ಲ. ಮಳೆ ಬೀಳುವುದು ಎಲ್ಲೋ ದೂರದ ಘಟ್ಟದಲ್ಲಿ. ಇಲ್ಲಿ ಬಿಸಿಲು ಸುಡುತ್ತಿರುತ್ತದೆ, ಗಾಳಿಗೆ ಧೂಳು ಏಳುತ್ತಿರುತ್ತದೆ, ಅಷ್ಟರಲ್ಲಿ ಟಿ.ಬಿ. ಡ್ಯಾಂ ತುಂಬಿ ನೀರು ಬಿಡುತ್ತಾರೆ. ಹೊಸಪೇಟೆಯ ಜನ ಮಿರ್ಚಿ ಮಂಡಕ್ಕಿ ಕಟ್ಟಿಕೊಂಡು ಅದನ್ನು ನೋಡಲು ಹೋಗುತ್ತಾರೆ. ಕೆಳಗೆ ಕಂಪ್ಲಿಯ ದಂಡೆಯಲ್ಲಿ ಮೋಟಾರು ಇಟ್ಟವರು ಅದನ್ನು ಬಿಚ್ಚಿ ಮೇಲಕ್ಕೆ ಎಳೆಯಲು ಓಡುತ್ತಾರೆ. ಪ್ರತಿ ವರ್ಷ ನೀರು ಇಳಿದ ಮೇಲೆ ಕೆಸರು ತುಂಬಿದ ಮೋಟಾರು ಹೊತ್ತವರ ಸಾಲು ಸರ್ ಅಂಗಡಿಯ ಮುಂದೆ ನಿಲ್ಲುತ್ತಿತ್ತು. "ಇವರ ಹಾಳು ನನ್ನ ಯಾಪಾರ ಆಗೈತಿ ವಿಜಯಾ, ನನಗ ನಾಚಿಕಿ ಬರ್ತೈತಿ" ಎಂದು ಒಮ್ಮೆ ಅಂದಿದ್ದರು. ಡ್ಯಾಮಿನಿಂದ ಎಷ್ಟು ನೀರು ಬಿಟ್ಟಿದ್ದಾರೆ, ಯಾವ ಊರಿಗೆ ಎಷ್ಟು ಹೊತ್ತಿಗೆ ಮುಟ್ಟಬಹುದು ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ತೋರಿಸುವ ಒಂದು ಪುಟ ಅವರಿಗೆ ಬೇಕಿತ್ತು. ಅದನ್ನು ಬರೆದವಳು ನಾನು.

ಅದನ್ನು ಪರೀಕ್ಷೆ ಮಾಡುತ್ತಿದ್ದವರು ಈರಣ್ಣ. ಸಂಡೂರಿನವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಮೈನಿಂಗ್ ಜೋರಾಗಿದ್ದ ಕಾಲದಲ್ಲಿ ಅದಿರಿನ ಲಾರಿ ತೂಗುವ ಕಾಟಾದಲ್ಲಿ ಕೂರುತ್ತಿದ್ದರು. ಗಣಿ ನಿಂತ ಮೇಲೆ ಏನೇನೋ ಮಾಡಿ ಕೊನೆಗೆ ನಮ್ಮಲ್ಲಿಗೆ ಬಂದು ಸೇರಿದ್ದರು. ಕಂಪ್ಯೂಟರಿನ ಓದು ಅವರಿಗೆ ಇರಲಿಲ್ಲ. ಅಳತೆಯ ವಿಷಯದಲ್ಲಿ ಮಾತ್ರ ಅವರನ್ನು ಮೀರಿಸುವವರನ್ನು ನಾನು ಇವತ್ತಿಗೂ ಕಂಡಿಲ್ಲ. ಹೊಳೆದಂಡೆಯ ಊರುಗಳಿಗೆ ತಾವೇ ಬಸ್ಸಿನಲ್ಲಿ ಹೋಗಿ, ಅಲ್ಲಿಯ ಜನ ಬಳಸುವಂಥದೇ ಆರು ಹಳೆಯ ಫೋನು ತಂದಿದ್ದರು. ಆಯಾ ಊರಿನಲ್ಲಿ ನೆಟ್‌ವರ್ಕು ಎಷ್ಟು ನಿಧಾನವೆಂದು ಅಳೆದುಕೊಂಡು ಬಂದಿದ್ದರು. ಆಫೀಸಿನಲ್ಲಿ ಆ ಫೋನುಗಳ ನೆಟ್‌ವರ್ಕನ್ನು ಅಷ್ಟಕ್ಕೇ ಬಿಗಿದು, ಪುಟ ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವುದು ನಮ್ಮ ಪರೀಕ್ಷೆ. ಫೋನಿನ ಬೆನ್ನಿಗೆ ಊರಿನ ಹೆಸರಿನ ಚೀಟಿ ಅಂಟಿಸಿದ್ದರು. ಕಂಪ್ಲಿ ಎಂಬ ಚೀಟಿಯದು ಎಲ್ಲಕ್ಕಿಂತ ನಿಧಾನ.

ಒಮ್ಮೆ ತೆರೆದ ಪುಟದ ಚಿತ್ರಗಳನ್ನು ಫೋನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಎರಡನೇ ಸಲ ಅದೇ ಪುಟ ಕಣ್ಣುಮುಚ್ಚಿ ತೆರೆಯುವುದರಲ್ಲಿ ಬರುತ್ತದೆ. ಅದಕ್ಕೆ ಪ್ರತಿ ಸಲ ಅಳೆಯುವ ಮುಂಚೆ ಒಳಗಿದ್ದದ್ದನ್ನೆಲ್ಲ ಅಳಿಸಬೇಕು. ಈರಣ್ಣ ಇದನ್ನು ಗಾಡಿ ಖಾಲಿ ಮಾಡುವುದು ಎನ್ನುತ್ತಿದ್ದರು. "ಕಾಟಾದಾಗ ಖಾಲಿ ಗಾಡಿ ತೂಗಿರಬೇಕ್ರಿ ಮೇಡಂ. ಒಳಗ ಮೊದ್ಲ ಏನೈತಿ ಗೊತ್ತಿಲ್ದ ತೂಗಿದ್ರ ಅದು ತೂಕ ಅಲ್ಲ, ಅಂದಾಜು" ಎನ್ನುವರು. ಆರು ಫೋನು, ನಾಲ್ಕು ಪುಟ, ಪ್ರತಿಯೊಂದಕ್ಕೂ ಒಂಬತ್ತು ಸಲ. ಪ್ರತಿ ಸಲವೂ ಖಾಲಿ ಮಾಡಿ, ಫೋನು ಮತ್ತೆ ಏಳುವವರೆಗೆ ಕಾದು, ಆಮೇಲೆ ಅಳೆಯುವುದು. ಒಂದರ ನಂತರ ಒಂದು ಮುಗಿಯುವ ಹೊತ್ತಿಗೆ ನಾಲ್ಕು ತಾಸು ಆಗುತ್ತಿತ್ತು. ಬೆಳಿಗ್ಗೆ ಒಂದು ಅಕ್ಷರ ಬದಲಾಯಿಸಿದರೂ ಅದು ಜನರಿಗೆ ಕಾಣುವುದು ಊಟದ ನಂತರ.

ಜುಲೈಯಲ್ಲಿ ಮೊದಲ ಸಲ ನೀರು ಬಿಟ್ಟರು. ಪುಟ ಕೆಲಸ ಮಾಡಿತು. ಅದಾಗಿ ನಾಲ್ಕು ದಿನಕ್ಕೆ ಕಂಪ್ಲಿ ಕಡೆಯ ದುರುಗಪ್ಪ ಎಂಬಾತ ಅಂಗಡಿಗೆ ಫುಟ್‌ವಾಲ್ವು ಕೊಳ್ಳಲು ಬಂದವನು ಮೆಟ್ಟಿಲು ಹತ್ತಿ ಮೇಲೆ ಬಂದ. ನಲವತ್ತರ ಆಸುಪಾಸು, ಬಿಸಿಲಿಗೆ ಸುಟ್ಟ ಮುಖ, ಕಂಕುಳಲ್ಲಿ ಬಾಳೆಗೊನೆಯ ಒಂದು ಚಿಪ್ಪು. "ಈ ಪುಟ ಬರ್ದೋರು ಯಾರ್ರಿ?" ಎಂದು ಕೇಳಿದ. ಈರಣ್ಣ ನನ್ನ ಕಡೆ ಕೈ ತೋರಿಸಿದರು.

"ಈ ತಂಗೀನಾ? ನಾ ಯಾರೋ ದೊಡ್ಡ ಮನಿಶ್ಯಾ ಇರ್ತಾನ ಅಂದಿದ್ನಿ" ಎಂದು ನಕ್ಕ. "ನಿಮ್ಮ ಪುಟ ನೋಡೇ ಮೋಟಾರು ಎಳಕೊಂಡ್ನೆವ್ವಾ. ಇಲ್ಲಾಂದ್ರ ಹೊಳಿ ಪಾಲಾಗ್ತಿತ್ತು. ತಗಾ, ನಮ್ಮ ಹೊಲದ ಬಾಳಿಹಣ್ಣು." ಒಡೆದ ಗಾಜಿನ ತನ್ನ ಫೋನು ತೆಗೆದು ಪುಟವನ್ನು ನನಗೇ ತೋರಿಸಿದ, ನಾನು ಅದನ್ನು ಎಂದೂ ನೋಡಿಯೇ ಇಲ್ಲ ಎಂಬಂತೆ. ಅವತ್ತು ನನಗಾದ ಹೆಮ್ಮೆಯನ್ನು ಮುಚ್ಚಿಡುವುದು ಯಾಕೆ? ಮನೆಗೆ ಹೋಗಿ ಅಮ್ಮನಿಗೆ ಹಣ್ಣು ಕೊಟ್ಟು, ಇದು ಸಂಬಳದ್ದಲ್ಲ ಅಂದೆ.

ಅದೇ ಸಲದ ಇನ್ನೊಂದು ಸಂಗತಿ ಬಸವರಾಜ ಸರ್ ಮನಸ್ಸಿನಲ್ಲಿ ಕೊರೆಯುತ್ತಿತ್ತು. ನೀರು ಬಿಟ್ಟ ದಿನವೇ ಕೆಲವು ಫೋನುಗಳಲ್ಲಿ ಊರಿನ ಹೆಸರೂ ಹೊತ್ತೂ ಒಂದರ ಮೇಲೊಂದು ಕೂತು ಓದಲಾಗದಂತೆ ಆಗಿತ್ತು. ಸರಿಪಡಿಸಲು ನನಗೆ ಹಿಡಿದದ್ದು ಹತ್ತು ನಿಮಿಷ. ಪರೀಕ್ಷೆ ಮುಗಿದದ್ದು ಮಧ್ಯಾಹ್ನ ಮೂರಕ್ಕೆ. ಅಷ್ಟು ಹೊತ್ತೂ ಸರ್ ಫೋನು ಹೊಡೆದುಕೊಳ್ಳುತ್ತಲೇ ಇತ್ತು. "ನೀರು ಜಲ್ದಿ ಬರ್ತೈತಿ, ನಮ್ಮ ಪರೀಕ್ಷಾ ತಡಾ ಆಗ್ತೈತಿ. ಹಿಂಗಾದ್ರ ಹೆಂಗ? ಅರ್ಧ ತಾಸಿನ್ಯಾಗ ಮುಗೀಬೇಕು. ಎಂಟು ದಿನ ತಗಾ" ಎಂದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಾನು ಹಟ ಹಿಡಿದು ಕೂತೆ. ಫೋನುಗಳನ್ನು ಒಂದಾದ ಮೇಲೊಂದರಂತೆ ಓಡಿಸುವ ಬದಲು ಮೂರು ಮೂರನ್ನು ಒಟ್ಟಿಗೆ ಓಡಿಸಿದೆ, ಒಂದಕ್ಕೊಂದು ಅಡ್ಡಿಯಾಗದಂತೆ. ಒಂಬತ್ತು ಸಲದ ಬದಲು ಐದು ಸಲ ಅಳೆದು, ಐದರಲ್ಲಿ ನಡುವಿನ ಅಂಕಿಯನ್ನು ಹಿಡಿದೆ. ಇವೆರಡೂ ನ್ಯಾಯವಾದ ಉಪಾಯಗಳೇ. ಆದರೂ ಮುಕ್ಕಾಲು ತಾಸಿನ ಕೆಳಗೆ ಅದು ಇಳಿಯಲೊಲ್ಲದು. ಏಳನೇ ದಿನ ನನ್ನ ಕಣ್ಣು ಖಾಲಿ ಮಾಡುವ ಕೆಲಸದ ಮೇಲೆ ಬಿತ್ತು. ಪ್ರತಿ ಸಲ ಖಾಲಿ ಮಾಡುವ ಬದಲು ಪರೀಕ್ಷೆಯ ಶುರುವಿಗೆ ಒಮ್ಮೆ ಮಾತ್ರ ಮಾಡಿದರೆ? ಇಪ್ಪತ್ತು ನಿಮಿಷಕ್ಕೆ ಬಂದು ನಿಂತಿತು. ಜನ ದಿನಾಲೂ ನೋಡುವ ಪುಟ ತಾನೇ, ಅವರ ಫೋನಿನಲ್ಲಿ ಎಲ್ಲ ಇದ್ದೇ ಇರುತ್ತದೆ ಎಂದು ಸಮಾಧಾನ ಹೇಳಿಕೊಂಡೆ.

ಸರ್ ಬೆನ್ನು ತಟ್ಟಿದರು. ಈರಣ್ಣ ಮಾತ್ರ ಬಹಳ ಹೊತ್ತು ಆ ಆರು ಫೋನುಗಳನ್ನೇ ನೋಡುತ್ತ ನಿಂತಿದ್ದು ಕೇಳಿದರು: "ಭಾಳ ಜಲ್ದಿ ಆತಲ್ರಿ ಮೇಡಂ. ಗಾಡಿ ಖಾಲಿ ಆಗ್ತಾವ ಹೌದಿಲ್ಲೋ?"

"ಹ್ಞೂಂ, ಆಗ್ತಾವ" ಎಂದೆ.

ಶುರುವಿಗೆ ಒಮ್ಮೆ ಆಗುತ್ತಿತ್ತಲ್ಲ, ಪೂರ್ತಿ ಸುಳ್ಳೇನೂ ಅಲ್ಲ. ಹಾಗಂತ ಅವತ್ತೂ ಅಂದುಕೊಂಡೆ. ಆದರೆ ಆ ಮಾತು ಆಡುವಾಗ ನಾನು ಅವರ ಮುಖ ನೋಡಿರಲಿಲ್ಲ. ಕಾಟಾದಲ್ಲಿ ಕೂತಾಗ ಎಷ್ಟೋ ಡ್ರೈವರುಗಳ ಸುಳ್ಳು ಕೇಳಿದ್ದ ಮನುಷ್ಯ ನನ್ನ ಮಾತನ್ನು ನಂಬಿ ಚಹಾ ಕುಡಿಯಲು ಕೆಳಗೆ ಇಳಿದರು.

ಆಗಸ್ಟಿನಲ್ಲಿ ಸರ್ ಪುಟಕ್ಕೆ ಒಂದು ನಕ್ಷೆ ಹಾಕಿಸಿದರು. ಹೊಳೆಯ ಚಿತ್ರ, ದಂಡೆಯ ಊರುಗಳು. ನೀರು ಏರಿದಂತೆ ಊರಿನ ಬಣ್ಣ ಹಸಿರಿನಿಂದ ಹಳದಿಗೆ, ಕೆಂಪಿಗೆ ತಿರುಗಬೇಕು. ಓದು ಬಾರದವರಿಗೂ ತಿಳಿಯಲಿ ಎಂಬುದು ಅವರ ಆಸೆ. ನೋಡಲು ಮಸ್ತಾಗಿತ್ತು. ಆದರೆ ಚಿತ್ರ ಭಾರ, ಮತ್ತು ಬಣ್ಣ ಬದಲಾದಾಗಲೆಲ್ಲ ಹೊಸ ಚಿತ್ರ. ನಕ್ಷೆ ಪೂರ್ತಿ ಬಂದ ಮೇಲೆಯೇ ಕೆಳಗಿನ ಅಕ್ಷರಗಳು ಮೂಡುವಂತೆ ನಾನು ಬರೆದಿದ್ದೆ. ಪರೀಕ್ಷೆ ಓಡಿಸಿದೆ. ಕಂಪ್ಲಿ ಫೋನಿನ ಐದು ಅಂಕಿಗಳಲ್ಲಿ ನಾಲ್ಕು ಚೆನ್ನಾಗಿದ್ದವು, ಎರಡು ಮೂರು ಸೆಕೆಂಡು. ಮೊದಲನೆಯದೊಂದು ಮಾತ್ರ ನೂರರ ಹತ್ತಿರ. ನಡುವಿನ ಅಂಕಿ ಹಿಡಿಯುವುದು ತಾನೇ ನಿಯಮ. ಒಮ್ಮೊಮ್ಮೆ ಫೋನು ತೊದಲುತ್ತದೆ ಎಂದುಕೊಂಡು ಮುಂದೆ ಹೋದೆ. ಐದರಲ್ಲಿ ಖಾಲಿ ಫೋನಿನಲ್ಲಿ ಅಳೆದದ್ದು ಅದೊಂದೇ ಎಂಬುದು ಹೊಳೆಯಲಿಲ್ಲ. ನಿಜ ಹೇಳಿದ ಒಂದೇ ಅಂಕಿಯನ್ನು ನಾನು ಕೈಯಾರೆ ಎಸೆದಿದ್ದೆ.

ಮರುದಿನ ಬೆಳಿಗ್ಗೆ ಡ್ಯಾಮಿನಿಂದ ದೊಡ್ಡ ನೀರು ಬಿಟ್ಟರು. ಹೊಸಪೇಟೆಯಲ್ಲಿ ಒಂದು ಹನಿ ಮಳೆಯಿಲ್ಲ. ಆಫೀಸಿನ ಕಿಟಕಿಯಿಂದ ಡ್ಯಾಂ ಕಡೆಗೆ ತುಂಬಿ ಹೋಗುತ್ತಿದ್ದ ಬಸ್ಸುಗಳು ಕಾಣುತ್ತಿದ್ದವು. ಊರೂರಲ್ಲಿ ಮೈಕಿನಲ್ಲಿ ಕೂಗಿ ಹೇಳಿದ್ದರು. ನಮ್ಮ ಪುಟದಲ್ಲಿ ಊರುಗಳು ಒಂದೊಂದಾಗಿ ಕೆಂಪಾಗುವುದನ್ನು ನಾನು ಆಫೀಸಿನ ವೇಗದ ನೆಟ್‌ವರ್ಕಿನಲ್ಲಿ ನೋಡುತ್ತ ಕೂತಿದ್ದೆ. ಎಲ್ಲವೂ ಅಚ್ಚುಕಟ್ಟಾಗಿ ನಡೆಯುತ್ತಿದೆ ಅನಿಸಿತ್ತು.

ಎರಡು ದಿನ ಬಿಟ್ಟು ದುರುಗಪ್ಪನ ಪಕ್ಕದ ಹೊಲದ ಯಂಕೋಬ ಅಂಗಡಿಗೆ ಬಂದ. ಸರ್ ಅವನನ್ನು ಕರೆದುಕೊಂಡು ಮೇಲೆ ಬಂದಾಗಲೇ ಅವರ ಮುಖ ನೋಡಿ ನಾನು ಕುರ್ಚಿಯಿಂದ ಎದ್ದು ನಿಂತೆ. ನೀರು ಬಿಟ್ಟಾಗ ದುರುಗಪ್ಪ ಊರಿನಿಂದ ದೂರ, ದಂಡೆಯ ಗುಡಿಸಲಿನಲ್ಲಿ ಮೋಟಾರು ಕಾಯುತ್ತ ಎರಡು ದಿನದಿಂದ ಇದ್ದನಂತೆ. ಮೈಕಿನ ಕೂಗು ಅಲ್ಲಿಗೆ ಕೇಳುವುದಿಲ್ಲ.

"ಇಬ್ರೂ ಅಲ್ಲೇ ಇದ್ವಿ ಮೇಡಂ" ಎಂದ ಯಂಕೋಬ, ನೆಲ ನೋಡುತ್ತ. "ನಿಮ್ಮ ಪುಟ ತೆರದ್ವಿ. ಬೆಳ್ಳಗ ಬಂತು ನೋಡ್ರಿ, ಬರೇ ಬೆಳ್ಳಗ. ಅವಂದೂ ಹಂಗ, ನಂದೂ ಹಂಗ. ತಿರುಗಿ ತಿರುಗಿ ಒತ್ತಿದ್ವಿ. ನಾ ಅಂದೆ, ನಡೀಲೇ ಹೋಗಾಣಂತ. ಅವ ಬರಲಿಲ್ಲ. ನೀರು ಬಿಟ್ಟಿದ್ರ ಪುಟದಾಗ ಬರ್ತೈತಿ, ಇನ್ನಾ ಏನೂ ಬಂದಿಲ್ಲ, ಮೋಟಾರು ಬಿಚ್ಚಿ ಬಂದೆ ಅಂದ. ನಾ ದಂಡಿ ಏರಿ ತಿರುಗಿ ನೋಡಾದ್ರಾಗ..." ಅವನು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ದುರುಗಪ್ಪನ ಹೆಣ ಅವತ್ತು ಬೆಳಿಗ್ಗೆಯಷ್ಟೇ ಕೆಳಗಿನ ಊರಿನ ಹತ್ತಿರ ಜಾಲಿ ಪೊದೆಯಲ್ಲಿ ಸಿಕ್ಕಿತ್ತು.

ಯಂಕೋಬ ಇಳಿದು ಹೋದ ಮೇಲೆ ಈರಣ್ಣ ಕಂಪ್ಲಿ ಚೀಟಿಯ ಫೋನು ಎತ್ತಿಕೊಂಡರು. ತಾವೇ ಕೈಯಿಂದ ಖಾಲಿ ಮಾಡಿದರು. ಪುಟದ ಮೇಲೆ ಒತ್ತಿ, ಕೈಗಡಿಯಾರ ಹಿಡಿದು ಕೂತರು. ಪರದೆ ಬೆಳ್ಳಗೆ ನಿಂತಿತ್ತು. ಮೂವರೂ ಅದನ್ನೇ ನೋಡುತ್ತಿದ್ದೆವು. ಅಷ್ಟು ಉದ್ದನೆಯ ಹೊತ್ತನ್ನು ನಾನು ನನ್ನ ಜೀವನದಲ್ಲಿ ಕಳೆದಿಲ್ಲ. ನಕ್ಷೆ ಮೂಡಿದಾಗ ಈರಣ್ಣ, "ಒಂದು ನಿಮಿಷ ನಲವತ್ತು ಸೆಕೆಂಡು. ಇದು ಹೊಸಪ್ಯಾಟಿ ಒಳಗ. ದಂಡ್ಯಾಗ ಇನ್ನಾ ಜಾಸ್ತಿ" ಎಂದರು.

ನಾನು ಎಲ್ಲ ಹೇಳಿದೆ. ಖಾಲಿ ಮಾಡುವುದನ್ನು ತೆಗೆದದ್ದು, ಅವರು ಕೇಳಿದಾಗ ಸುಳ್ಳು ಹೇಳಿದ್ದು, ಎಸೆದ ಆ ಅಂಕಿ. ಸರ್ ತಲೆಯ ಮೇಲೆ ಕೈ ಹೊತ್ತು ಕೂತರು. "ಯಂಕೋಬ ತಿರುಗಿ ಬಂದ್ನಲ್ಲ ವಿಜಯಾ. ಅವಂಗೂ ಪುಟ ಬಂದಿದ್ದಿಲ್ಲ. ಎಲ್ಲಾ ನಿನ್ನ ತಲಿಗೆ ಕಟ್ಟಿಕೋಬ್ಯಾಡ. ನಕ್ಷಾ ಹಾಕಿಸಿದಾಂವ ನಾನು, ಜಲ್ದಿ ಮಾಡು ಅಂದಾಂವನೂ ನಾನು" ಎಂದರು. ಒಳ್ಳೆಯ ಮನುಷ್ಯ. ಆದರೆ ಅವರು ಜಲ್ದಿ ಮಾಡು ಅಂದಿದ್ದರು, ಸುಳ್ಳು ಹೇಳು ಅಂದಿರಲಿಲ್ಲ.

ಈರಣ್ಣ ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಬಯ್ಯಲಿಲ್ಲ. ಅವತ್ತೇ ನಕ್ಷೆ ತೆಗೆದೆವು. ಮರುದಿನದಿಂದ ಇಬ್ಬರೂ ಪರೀಕ್ಷೆಯನ್ನು ಬುಡದಿಂದ ಮತ್ತೆ ಕಟ್ಟಿದೆವು. ನೀರು ಮತ್ತೆ ಬರುವುದಿತ್ತು, ನಾಲ್ಕು ತಾಸಿಗೆ ಹಿಂದಿರುಗುವಂತಿರಲಿಲ್ಲ. ಪ್ರತಿ ಅಳತೆಗೂ ಖಾಲಿ ಮಾಡುವುದನ್ನು ಮೊದಲು ಒಳಗೆ ತಂದೆವು. ಆಮೇಲೆ ಒಂದೊಂದು ಹೆಜ್ಜೆಗೂ ಎಷ್ಟು ಹೊತ್ತು ಹೋಗುತ್ತದೆ ಎಂದು ಹಾಳೆಯ ಮೇಲೆ ಬರೆದಾಗ ಕಂಡದ್ದು, ಹೆಚ್ಚಿನ ಹೊತ್ತು ಹೋಗುತ್ತಿದ್ದದ್ದು ಖಾಲಿ ಮಾಡುವುದರಲ್ಲಿ ಅಲ್ಲವೇ ಅಲ್ಲ. ಅದಾದ ಮೇಲೆ ಫೋನು ಏಳಲೆಂದು ಪ್ರತಿ ಸಲ ಒಂದು ನಿಮಿಷ ಸುಮ್ಮನೆ ಕಾಯುವಂತೆ ನಾನೇ ಹಿಂದೊಮ್ಮೆ ಬರೆದಿದ್ದೆ. ಹೆಚ್ಚಿನ ಫೋನುಗಳು ಹತ್ತು ಸೆಕೆಂಡಿಗೇ ಎದ್ದು ಕೂತು ನಮ್ಮ ದಾರಿ ಕಾಯುತ್ತಿದ್ದವು. ಎದ್ದ ಕೂಡಲೇ ಅಳೆಯುವಂತೆ ಮಾಡಿದೆ. ಬದಲಾಗದ ಪುಟಗಳನ್ನು ಬಿಟ್ಟು ಬದಲಾದದ್ದನ್ನು ಮಾತ್ರ ಅಳೆದೆವು.

ಕೊನೆಯ ಉಪಾಯ ಈರಣ್ಣನದು. "ಎಲ್ಲಾದಕ್ಕಿಂತ ಹಳೇ ಗಾಡಿ ಮೊದ್ಲ ಹತ್ತಸ್ರಿ ಮೇಡಂ. ಕಂಪ್ಲಿ ಫೋನು ಬಿದ್ರ ಅಲ್ಲೇ ನಿಂದರಸ್ರಿ. ಉಳಿದ ಐದು ಯಾಕ ಬೇಕು?" ಕೆಟ್ಟ ಬದಲಾವಣೆಯಾದರೆ ಮೂರೇ ನಿಮಿಷಕ್ಕೆ ಗೊತ್ತಾಗುತ್ತಿತ್ತು. ಒಳ್ಳೆಯದಾದರೆ ಪೂರ್ತಿ ಪರೀಕ್ಷೆಗೆ ಇಪ್ಪತ್ತೆಂಟು ನಿಮಿಷ. ಸರ್ ಕೇಳಿದ್ದ ಅರ್ಧ ತಾಸಿನ ಒಳಗೇ, ಏನನ್ನೂ ಮುಚ್ಚಿಡದೆ ಅದು ಮುಗಿಯುತ್ತಿತ್ತು. ಎಂಟು ದಿನಕ್ಕೆ ಇನ್ನೊಂದು ನಾಲ್ಕು ದಿನ ಸೇರಿಸಿ ಕೇಳಿದ್ದರೆ ಜುಲೈಯಲ್ಲೇ ಮಾಡಬಹುದಿತ್ತು. ಆ ನಾಲ್ಕು ದಿನ ಕೇಳಲು ನನಗೆ ಅಹಂಕಾರ ಅಡ್ಡ ಬಂದಿತ್ತು.

ದುರುಗಪ್ಪನ ದಿನಗಳ ಕಾರ್ಯ ಮುಗಿದ ಮೇಲೆ ನಾನು ಕಂಪ್ಲಿಗೆ ಹೊರಟೆ. "ಹೇಳಾದು ನೀವಾ ಹೇಳಬೇಕು. ನಾ ಬಾಜೂಕ ಇರ್ತೀನಿ" ಎಂದು ಈರಣ್ಣ ಜೊತೆಗೆ ಬಂದರು. ದಾರಿಯುದ್ದಕ್ಕೂ ಕಬ್ಬಿನ ಗದ್ದೆ, ಬಾಳೆತೋಟ, ನೀರು ಇಳಿದ ಮೇಲಿನ ಕೆಸರಿನ ವಾಸನೆ. ಎರಡು ಸಲ ಹಿಂದಿರುಗೋಣ ಎಂದು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ.

ದುರುಗಪ್ಪನ ಹೆಂಡತಿ ಹನುಮವ್ವ ಕಟ್ಟೆಯ ಮೇಲೆ ಕೂತು ನೆನೆದ ಭತ್ತದ ಚೀಲ ಬಿಚ್ಚಿ ಒಣಗಲು ಹರಡುತ್ತಿದ್ದರು. "ಬರ್ರಿ, ಕುಂದ್ರಿ" ಎಂದು ಚಾಪೆ ಹಾಸಿದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಹೊಳೆಯ ಪುಟ ಬರೆದವಳು ನಾನು ಎಂದೆ. ಅದು ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಸರಿಯಾಗಿ ಪರೀಕ್ಷೆ ಮಾಡಬೇಕಾದ್ದು ನನ್ನ ಕೆಲಸವಾಗಿತ್ತು, ಬೇಗ ಮುಗಿಸುವ ಆಸೆಗೆ ಮೋಸ ಮಾಡಿದೆ, ಅದಕ್ಕೇ ಅವತ್ತು ನಿಮ್ಮವರ ಫೋನಿನಲ್ಲಿ ಏನೂ ಕಾಣಲಿಲ್ಲ ಎಂದೆ. ಅಳಬಾರದು ಎಂದುಕೊಂಡು ಹೋಗಿದ್ದೆ. ಆಗಲಿಲ್ಲ.

ಅವರು ಭತ್ತದ ಮೇಲೆ ಕೈಯಾಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಬಯ್ಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದು ಕಾದು ನಿಂತಿದ್ದೆ. ಅವರು ಕೇಳಿದ್ದು ಬೇರೆ.

"ಅದು ತೆರದಿದ್ರ ಏನಂತ ಬರ್ತಿತ್ತು, ನನ್ನವ್ವಾ? ನನಗ ಓದಾಕ ಬರಲ್ಲ. ಏನ್ ಬರದಿದ್ರಿ ಅದ್ರಾಗ?"

ಅವತ್ತಿನ ಬರಹ ನನಗೆ ಬಾಯಿಪಾಠ ಆಗಿತ್ತು. ಹೇಳಿದೆ: "ದೊಡ್ಡ ನೀರು ಬಿಟ್ಟಿದ್ದಾರೆ. ಹೊಳೆಗೆ ಇಳಿಯಬೇಡಿ. ಮೋಟಾರು ಬಿಟ್ಟು ಈಗಲೇ ಮೇಲೆ ಬನ್ನಿ."

ಹನುಮವ್ವ ನನ್ನ ಮುಖವನ್ನೇ ನೋಡಿದರು.

"ಅಷ್ಟಾ ಏನು?" ಎಂದರು. "ನಾನೂ ಅದನ್ನಾ ಹೇಳಿದ್ನೆವ್ವಾ. ಮೈಕಿನ್ಯಾಗ ಕೂಗಿದ ಕೂಡ್ಲೇ ಫೋನ್ ಹಚ್ಚಿ ಹೇಳಿದ್ನಿ, ಮೋಟಾರು ಹೋಗ್ಲಿ, ಮ್ಯಾಲೆ ಬರ್ರಿ ಅಂತ. 'ನಿನಗೇನು ಗೊತ್ತೈತಿ, ತಡಿ, ಪುಟದಾಗ ಬರ್ತೈತಿ' ಅಂದ್ರು."

ಅಷ್ಟು ಹೇಳಿ ಅವರು ಮತ್ತೆ ಭತ್ತ ಹರಡತೊಡಗಿದರು. ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯ ಮಾತು ಬದಿಗಿಟ್ಟು ಆತ ನನ್ನ ಮಾತಿಗಾಗಿ ಕಾದು ನಿಂತಿದ್ದ.